ಸೆಕೆಂಡಿಗೆ ಐದು ಏಟು

ನಡುಮಧ್ಯಾಹ್ನದ ಬಿಸಿಲಿಗೆ ಹರವಿದ ಅಂಗಿಯ ಮೇಲೆ ಕಿರುಬೆರಳಿನ ಉಗುರಿನಷ್ಟು ಜಾಗ ಗುರುತು ಮಾಡಿಕೊಳ್ಳಿ. ಸುಮಾರು ಒಂದು ಚದರ ಸೆಂಟಿಮೀಟರ್. ಆ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಬಂದು ಬೀಳುವ ಬೆಳಕಿನ ಕಣಗಳು, ಅಂದರೆ ಫೋಟಾನುಗಳು, ಎಷ್ಟು? ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಲೆಕ್ಕಕ್ಕೆ ಹಿಡಿದರೂ ಸುಮಾರು 1,200 ಕೋಟಿ ಕೋಟಿ. ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು ಮತ್ತೆ 1,200ರಿಂದ ಗುಣಿಸಿದರೆ ಸಿಗುವ ಸಂಖ್ಯೆ ಅದು. ಮುಂದಿನ ಸೆಕೆಂಡಿನಲ್ಲಿ ಮತ್ತಷ್ಟೇ. ಎಲ್ಲವೂ 15 ಕೋಟಿ ಕಿಲೋಮೀಟರ್ ದಾರಿಯನ್ನು 8 ನಿಮಿಷ 20 ಸೆಕೆಂಡಿನಲ್ಲಿ ಸವೆಸಿ ಬಂದವು.

ಅಂಗಿಯ ಕಡೆಯ ಲೆಕ್ಕವೂ ಕಡಿಮೆಯದಲ್ಲ. ಪಾಲಿಯೆಸ್ಟರ್ ಅಂಗಿಯ ತೂಕ 200 ಗ್ರಾಂ ಎಂದಿಟ್ಟುಕೊಳ್ಳೋಣ. ಸಾಧಾರಣ ಗಾಢತೆಯ ಬಣ್ಣ ಬರಲು ಬಟ್ಟೆಯ ತೂಕದ ನೂರಕ್ಕೊಂದು ಪಾಲು ಡೈ ಸಾಕು, ಅಂದರೆ 2 ಗ್ರಾಂ. ಪಾಲಿಯೆಸ್ಟರಿಗೆ ಹಾಕುವುದು ಡಿಸ್ಪರ್ಸ್ ಡೈ. ಮುಚ್ಚಿದ ಪಾತ್ರೆಯಲ್ಲಿ ಒತ್ತಡದಡಿ 130 ಡಿಗ್ರಿಗೆ ಕಾಯಿಸಿದ ನೀರಿನಲ್ಲಿ ಬಟ್ಟೆಯ ಎಳೆ ಸಡಿಲಗೊಳ್ಳುತ್ತದೆ. ಆಗ ಡೈ ಅಣುಗಳು ಒಂದೊಂದಾಗಿ ಎಳೆಯೊಳಕ್ಕೆ ನುಸುಳುತ್ತವೆ. ಎಳೆ ತಣಿದ ಮೇಲೆ ಅಲ್ಲೇ ಸೆರೆಯಾಗುತ್ತವೆ. ಆ 2 ಗ್ರಾಂನಲ್ಲಿ ಇರುವ ಅಣುಗಳು ಹೆಚ್ಚುಕಡಿಮೆ 4 ಕೋಟಿ ಕೋಟಿ ಕೋಟಿ. ಒಂದು ಅಣುವಿನ ಉದ್ದ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಎಂದು ಕಡಿಮೆಯೇ ಹಿಡಿದು ಸಾಲಾಗಿ ಜೋಡಿಸಿದರೂ, ಆ ಸಾಲು 380 ಕೋಟಿ ಕಿಲೋಮೀಟರ್ ಹೋಗುತ್ತದೆ. ಸೂರ್ಯನಿಂದ ಯುರೇನಸ್ ಗ್ರಹಕ್ಕಿರುವ ದೂರ ಸುಮಾರು 287 ಕೋಟಿ ಕಿಲೋಮೀಟರ್. ಒಂದೇ ಅಂಗಿಯ ಬಣ್ಣ ಅದನ್ನೂ ದಾಟಿತು.

ಈಗ ಇವೆರಡನ್ನೂ ಎದುರುಬದುರು ನಿಲ್ಲಿಸಿ. ಆ ಕೋಟಿ ಕೋಟಿ ಕೋಟಿಯಲ್ಲಿ ಒಂದೇ ಒಂದು ಅಣುವನ್ನು ಆರಿಸಿಕೊಂಡು, ಬಿಸಿಲಿನಲ್ಲಿ ಅದಕ್ಕೆ ಎಷ್ಟು ಫೋಟಾನು ತಗಲುತ್ತದೆ ಎಂದು ಕೇಳಬಹುದು. ಬಣ್ಣದ ಅಣು ತನಗೆ ಒಗ್ಗುವ ಬೆಳಕನ್ನು ಮಾತ್ರ ನುಂಗುತ್ತದೆ. ಕೆಂಪು ಡೈ ನುಂಗುವುದು ಹೆಚ್ಚಾಗಿ ನೀಲಿ, ಹಸಿರು ಬೆಳಕನ್ನು. ಬೆಳಕು ಹಿಡಿಯಲು ಅಣು ಒಡ್ಡುವ ಗುರಿಯ ಅಗಲ ಗೊತ್ತಿದೆ, ಬೀಳುವ ಬೆಳಕಿನ ಪ್ರಮಾಣ ಗೊತ್ತಿದೆ. ಗುಣಿಸಿದರೆ ಬರುವ ಉತ್ತರ: ಬಟ್ಟೆಯ ಮೇಲ್ಮೈಯಲ್ಲಿರುವ ಅಣುವಿಗೆ ಸೆಕೆಂಡಿಗೆ ಸುಮಾರು ಐದು ಏಟು. ಅಷ್ಟು ದೊಡ್ಡ ಸಂಖ್ಯೆಗಳ ನಡುವಿನಿಂದ ಬೆರಳಲ್ಲಿ ಎಣಿಸಬಹುದಾದ ಐದು ಹೊರಬಂದದ್ದು ನನಗೆ ಇಡೀ ಲೆಕ್ಕದಲ್ಲೇ ಅತಿ ದೊಡ್ಡ ಬೆರಗು.

ಐದು ಎಂದು ಹಗುರವಾಗಿ ಕಾಣಬೇಡಿ. ಗಂಟೆಗೆ 18,000. ಕರ್ನಾಟಕದ ಬಯಲುಸೀಮೆಯಲ್ಲಿ ದಿನವಿಡೀ ಬೀಳುವ ಬಿಸಿಲನ್ನು ಒಟ್ಟುಗೂಡಿಸಿದರೆ ಅದು ಸುಮಾರು ಐದು ಗಂಟೆಯ ನಡುಮಧ್ಯಾಹ್ನದ ಬಿಸಿಲಿಗೆ ಸಮ. ಹಾಗಾಗಿ ದಿನಕ್ಕೆ 90,000 ಏಟು. ವರ್ಷಕ್ಕೆ 3 ಕೋಟಿ 30 ಲಕ್ಷ. ಒಂದೊಂದು ಏಟು ಬಿದ್ದಾಗಲೂ ಅಣುವಿನ ಎಲೆಕ್ಟ್ರಾನು ಮೇಲಿನ ಸ್ಥಿತಿಗೆ ಜಿಗಿಯುತ್ತದೆ. ಆ ಶಕ್ತಿಯೆಲ್ಲ ಶಾಖವಾಗಿ ಅಣುವಿನೊಳಗೇ ಬಿಡುಗಡೆಯಾದರೆ ನಲವತ್ತು ಚಿಲ್ಲರೆ ಪರಮಾಣುಗಳ ಆ ಪುಟ್ಟ ರಚನೆ ಆ ಕ್ಷಣಕ್ಕೆ ನೂರಾರು ಡಿಗ್ರಿ ಬಿಸಿಯೇರುತ್ತದೆ. ಇಂಥದ್ದನ್ನು ವರ್ಷಕ್ಕೆ ಮೂರು ಕೋಟಿ ಸಲ ತಡೆದುಕೊಂಡು ಬಣ್ಣ ಬಣ್ಣವಾಗಿಯೇ ಉಳಿಯಬೇಕು. ಬಟ್ಟೆ ಯಾಕೆ ಮಾಸಿತು ಎಂದು ನಾವು ಕೇಳುತ್ತೇವೆ. ಒಂದು ವಾರವಾದರೂ ಹೇಗೆ ಉಳಿಯಿತು ಎನ್ನುವುದೇ ಇನ್ನೂ ಗಟ್ಟಿಯಾದ ಪ್ರಶ್ನೆ.

ಉತ್ತರ ವೇಗದಲ್ಲಿದೆ. ಒಳ್ಳೆಯ ಡೈ ಅಣು ತನಗೆ ಬಂದ ಶಕ್ತಿಯನ್ನು, ಅಂಗೈಗೆ ಬಿದ್ದ ಕೆಂಡವನ್ನು ಕೊಡವಿದ ಹಾಗೆ, ಕೂಡಲೇ ಕೊಡವಿಬಿಡುತ್ತದೆ. ಡಿಸ್ಪರ್ಸ್ ರೆಡ್ 1 ಎಂಬ ಹಳೆಯ, ಪ್ರಸಿದ್ಧ ಕೆಂಪು ಡೈ ಇದೆ. ಅದರ ಎಲೆಕ್ಟ್ರಾನು ಕೆಳಗಿಳಿಯಲು ತೆಗೆದುಕೊಳ್ಳುವ ಸಮಯ ಸುಮಾರು ಒಂದು ಪಿಕೋಸೆಕೆಂಡು, ಅಂದರೆ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು. ಈ ಒಂದು ಪಿಕೋಸೆಕೆಂಡನ್ನು ಹಿಗ್ಗಿಸಿ ಒಂದು ಸೆಕೆಂಡು ಮಾಡಿಕೊಂಡರೆ, ಎರಡು ಏಟುಗಳ ನಡುವೆ ಅಣುವಿಗೆ ಸಿಗುವ ಬಿಡುವು 6,000 ವರ್ಷಕ್ಕೂ ಹೆಚ್ಚು. ಕೂಡಿಸಿ ನೋಡಿದರೆ ಇನ್ನೂ ವಿಚಿತ್ರ. ವರ್ಷಪೂರ್ತಿ ಬಿಸಿಲಲ್ಲಿ ನೇತಾಡಿದ ಬಟ್ಟೆಯ ಒಂದು ಅಣು ನಿಜವಾಗಿ ಅಪಾಯದಲ್ಲಿರುವುದು 3 ಕೋಟಿ 30 ಲಕ್ಷ ಪಿಕೋಸೆಕೆಂಡು, ಅಂದರೆ ಒಂದು ಸೆಕೆಂಡಿನ ಮೂವತ್ತು ಸಾವಿರದಲ್ಲೊಂದು ಪಾಲು ಮಾತ್ರ. ವರ್ಷದ ಉಳಿದೆಲ್ಲ ಕಾಲ ಅದು ಸುರಕ್ಷಿತವಾಗಿ ಸುಮ್ಮನಿರುತ್ತದೆ. ಬಣ್ಣ ಮಾಸುವ ಇಡೀ ಕತೆ ನಡೆಯುವುದು ಆ ಮೂವತ್ತು ಸಾವಿರದಲ್ಲೊಂದು ಪಾಲಿನೊಳಗೆ.

ಅಲ್ಲಿ ನಡೆಯುವುದೇನು? ಹಸಿರು ಬೆಳಕಿನ ಒಂದು ಫೋಟಾನಿನಲ್ಲಿ ಇರುವ ಶಕ್ತಿ ಸುಮಾರು 2.25 ಎಲೆಕ್ಟ್ರಾನ್ ವೋಲ್ಟ್. ಎರಡು ಕಾರ್ಬನ್ ಪರಮಾಣುಗಳ ನಡುವಿನ ಸಾಧಾರಣ ಬಂಧ ಮುರಿಯಲು ಬೇಕಾದದ್ದು 3.6. ಆದ್ದರಿಂದ ಕಾಣುವ ಬೆಳಕು ನೇರವಾಗಿ ಬಂಧವನ್ನು ಕತ್ತರಿಸಲಾರದು. ನೇರಳಾತೀತ ಕಿರಣ, 300 ನ್ಯಾನೋಮೀಟರಿನದು, 4.1 ಎಲೆಕ್ಟ್ರಾನ್ ವೋಲ್ಟ್ ಹೊತ್ತು ತರುತ್ತದೆ, ಅದು ಕತ್ತರಿಸಬಲ್ಲದು. ಆದರೆ ನೆಲಕ್ಕೆ ಬರುವ ಬಿಸಿಲಿನ ಶಕ್ತಿಯಲ್ಲಿ ಎಲ್ಲ ಬಗೆಯ ನೇರಳಾತೀತವನ್ನು ಕೂಡಿಸಿದರೂ ನೂರಕ್ಕೆ ಐದನ್ನು ಮೀರುವುದಿಲ್ಲ. ಹಾಗಾಗಿ ಕಾಣುವ ಬೆಳಕಿಗೆ ಒಬ್ಬ ಜೊತೆಗಾರ ಬೇಕು, ಆಮ್ಲಜನಕ. ಎಲ್ಲೋ ಒಮ್ಮೆ ಎಲೆಕ್ಟ್ರಾನು ಕೆಳಗಿಳಿಯುವ ಬದಲು ಒಂದು ದೀರ್ಘ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ಅದು ಪಿಕೋಸೆಕೆಂಡುಗಳ ಬದಲು ಮೈಕ್ರೋಸೆಕೆಂಡುಗಟ್ಟಲೆ, ಅಂದರೆ ಹತ್ತು ಲಕ್ಷ ಪಟ್ಟು ಹೆಚ್ಚು ಕಾಲ ನಿಲ್ಲುತ್ತದೆ. ಅಷ್ಟರಲ್ಲಿ ಎಳೆಯೊಳಕ್ಕೆ ಸೇರಿಕೊಂಡಿರುವ ಆಮ್ಲಜನಕದ ಅಣುವೊಂದು ಹತ್ತಿರ ಬಂದರೆ ಶಕ್ತಿ ಅದಕ್ಕೆ ದಾಟುತ್ತದೆ. ಕೆರಳಿದ ಆಮ್ಲಜನಕ ಪಕ್ಕದ ಬಂಧವನ್ನೇ ಕಡಿಯುತ್ತದೆ. ಒಂದು ಕೊಂಡಿ ಕಳಚಿದರೆ ಬಣ್ಣ ಕೊಡುತ್ತಿದ್ದ ಸರಣಿ ತುಂಡಾಯಿತು. ತುಂಡುಗಳು ಬಟ್ಟೆಯಲ್ಲೇ ಇರುತ್ತವೆ, ಆದರೆ ಅವು ನುಂಗುವುದು ನಮ್ಮ ಕಣ್ಣಿಗೆ ಕಾಣದ ಬೆಳಕನ್ನು. ಹಾಗಾಗಿ ಮಾಸಿದ ಅಂಗಿ ತೂಕದಲ್ಲಿ ಹೆಚ್ಚೇನನ್ನೂ ಕಳೆದುಕೊಂಡಿರುವುದಿಲ್ಲ.

ಆಮ್ಲಜನಕದ ಕೈವಾಡ ಹಳೆಯ ಸಂಗತಿ. 1888ರಲ್ಲೇ ಲಂಡನ್ನಿನಲ್ಲಿ ರಸೆಲ್ ಮತ್ತು ಆಬ್ನಿ ಎಂಬ ಇಬ್ಬರು ವಿಜ್ಞಾನಿಗಳು ಜಲವರ್ಣಗಳ ಮೇಲೆ ಬೆಳಕಿನ ಪರಿಣಾಮದ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟರು. ಬಣ್ಣ ಹಚ್ಚಿದ ಕಾಗದದ ಪಟ್ಟಿಗಳನ್ನು ಗಾಜಿನ ಕೊಳವೆಗಳಲ್ಲಿಟ್ಟು ಬಿಸಿಲಿಗೆ ಒಡ್ಡಿದ್ದರು. ಕೆಲವು ಕೊಳವೆಗಳಲ್ಲಿ ಗಾಳಿ, ಕೆಲವುಗಳಲ್ಲಿ ತೇವದ ಗಾಳಿ, ಕೆಲವುಗಳಲ್ಲಿ ಏನೂ ಇಲ್ಲ. ಗಾಳಿ ತೆಗೆದ ಕೊಳವೆಗಳಲ್ಲಿ ಹೆಚ್ಚಿನ ಬಣ್ಣಗಳು ಹಾಗೇ ಉಳಿದವು.

ಬಿಸಿಲಿಗಿಟ್ಟ ಒಂದು ಬಣ್ಣ ಒಂದು ವರ್ಷದಲ್ಲಿ ಅರ್ಧಕ್ಕಿಳಿಯಿತು ಎನ್ನೋಣ. ಹಿಂದಕ್ಕೆ ಲೆಕ್ಕ ಹಾಕಿದರೆ, ಸರಾಸರಿ ಐದು ಕೋಟಿ ಏಟಿಗೆ ಒಂದೇ ಒಂದು ಸಲ ಅಣು ಸೋತಿದೆ ಎಂದಾಯಿತು. ಎಲ್ಲ ಡೈಗಳೂ ಹೀಗಲ್ಲ. ಅಡಾಲ್ಫ್ ಬೇಯರ್ 1871ರಲ್ಲಿ ತಯಾರಿಸಿದ ಫ್ಲೂರೆಸೀನ್ ಎಂಬ ಹೊಳೆಯುವ ಹಳದಿ-ಹಸಿರು ಡೈ ನೀರಿನಲ್ಲಿ ಮೂವತ್ತು ನಲವತ್ತು ಸಾವಿರ ಏಟಿಗೇ ಕೈಚೆಲ್ಲುತ್ತದೆ. ಕಾರಣ ಅದರ ಹೊಳಪೇ. ಶಕ್ತಿಯನ್ನು ಕೊಡವುವ ಬದಲು ಅದು ಸುಮಾರು ನಾಲ್ಕು ನ್ಯಾನೋಸೆಕೆಂಡು ಇಟ್ಟುಕೊಂಡು, ಮತ್ತೆ ಬೆಳಕಾಗಿ ಹೊರಬಿಡುತ್ತದೆ. ಕೆಂಪು ಡೈಯ ನಾಲ್ಕು ಸಾವಿರ ಪಟ್ಟು ಹೊತ್ತು ಅಪಾಯದಲ್ಲಿ ನಿಲ್ಲುತ್ತದೆ. ರಸ್ತೆ ಕೆಲಸದವರ, ಪೌರಕಾರ್ಮಿಕರ ಕಣ್ಣು ಕುಕ್ಕುವ ಜಾಕೆಟ್ಟುಗಳು ಉಳಿದ ಬಟ್ಟೆಗಿಂತ ಬೇಗ ಪೇಲವವಾಗುವುದರ ಹಿಂದೆ ಇದೇ ಇದೆ. ಯಾವ ಗುಣಕ್ಕಾಗಿ ಅದನ್ನು ತೊಡಿಸುತ್ತೇವೋ ಆ ಗುಣವೇ ಅದನ್ನು ಸುಡುತ್ತದೆ. ಬಿಸಿಲಲ್ಲೇ ಕೆಲಸ ಮಾಡುವವರ ಜೀವ ಕಾಯುವ ಬಟ್ಟೆಯಾದ್ದರಿಂದ, ಹರಿಯದಿದ್ದರೂ ಹೊಳಪು ಇಳಿದ ಕೂಡಲೇ ಅದನ್ನು ಬದಲಿಸಿ ಕೊಡಬೇಕು.

ಅದೇ ಡೈ ಬೇರೆ ನೂಲಿಗೆ ಹೋದರೆ ಅದರ ಹಣೆಬರಹವೂ ಬೇರೆ. ಹತ್ತೊಂಬತ್ತನೇ ಶತಮಾನದ ಮೊದಲ ಕೃತಕ ಡೈಗಳಲ್ಲಿ ಬಹಳಷ್ಟು ಬೇಸಿಕ್ ಡೈ ಎಂಬ ಗುಂಪಿನವು. ರೇಷ್ಮೆ, ಹತ್ತಿಯ ಮೇಲೆ ಬೆಂಕಿಯಂತೆ ಉರಿದು ಬೇಗನೆ ಮಾಸಿ ಕೆಟ್ಟ ಹೆಸರು ಪಡೆದಿದ್ದವು. 1950ರಲ್ಲಿ ಆರ್ಲಾನ್ ಎಂಬ ಅಕ್ರಿಲಿಕ್ ನೂಲು ಮಾರುಕಟ್ಟೆಗೆ ಬಂತು. ಆ ಗುಂಪಿನ ಎಷ್ಟೋ ಡೈಗಳು ಅಕ್ರಿಲಿಕ್‌ನಲ್ಲಿ ಸೇರಿಕೊಂಡಾಗ ಬೆಳಕಿಗೆ ಹಲವು ಪಟ್ಟು ಹೆಚ್ಚು ತಾಳಿದವು. ಅಣು ಅದೇ, ಸುತ್ತಲಿನ ಮನೆ ಮಾತ್ರ ಬೇರೆ.

ಕಟಿಂಗ್ ಶಾಪಿನ ಗೋಡೆ ಮೇಲಿನ ಹಳೆಯ ಪೋಸ್ಟರನ್ನು ಹತ್ತಿರದಿಂದ ನೋಡಿ. ಸಾಲಾಗಿ ಹತ್ತು ಹನ್ನೆರಡು ತಲೆಗಳು, ಹತ್ತು ಹನ್ನೆರಡು ಬಗೆಯ ಕ್ರಾಪು. ಮುಖಗಳೆಲ್ಲ ನೀಲಿ, ತುಟಿಗಳೂ ನೀಲಿ. ಆದರೆ ಚೌಕಟ್ಟಿನ ಅಂಚು ಮುಚ್ಚಿದ್ದ ಕಡೆ ಬೆರಳಗಲದ ಪಟ್ಟಿಯಲ್ಲಿ ಮೊದಲಿನ ಗೋಧಿ ಮೈಬಣ್ಣ, ಮೊದಲಿನ ಕೆಂಪು ಹಾಗೇ ಇದೆ. ಅಚ್ಚಿನ ಬಣ್ಣಗಳು ನಾಲ್ಕು: ಹಳದಿ, ಮೆಜೆಂಟಾ, ಸಯಾನ್ ನೀಲಿ, ಕಪ್ಪು. ಹಳದಿ ಮತ್ತು ಮೆಜೆಂಟಾ ಸಾಮಾನ್ಯವಾಗಿ ಅಝೋ ಗುಂಪಿನವು, ಎರಡು ನೈಟ್ರೋಜನ್ ಪರಮಾಣುಗಳ ಕೊಂಡಿಯ ಮೇಲೆ ನಿಂತವು. ಬಿಸಿಲಿಗೆ ಅವು ಮೊದಲು ಹೋಗುತ್ತವೆ. ಕಪ್ಪು ಬರೀ ಇಂಗಾಲದ ಕಣ, ಅದಕ್ಕೆ ಏನೂ ಆಗುವುದಿಲ್ಲ. ನೀಲಿಯದು ತಾಮ್ರದ ಥ್ಯಾಲೋಸಯನೀನ್: ನಡುವೆ ಒಂದು ತಾಮ್ರದ ಪರಮಾಣು, ಸುತ್ತ 56 ಬೇರೆ ಪರಮಾಣುಗಳು, ಒಟ್ಟು 57ರ ಚಪ್ಪಟೆ ಅಣು.

ಈ ನೀಲಿಯ ಹಿಂದೆ ಒಬ್ಬ ನೇಯ್ಗೆ ವ್ಯಾಪಾರಿಯ ಸಿಟ್ಟಿದೆ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಮಾರ್ಟನ್ ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ಲಿಬರ್ಟಿ ಅಂಗಡಿಯ ಕಿಟಕಿಯಲ್ಲಿ ತನ್ನದೇ ಕಂಪನಿಯ ಬಟ್ಟೆ ನೋಡಿದ. ಗುರುತು ಸಿಗದಷ್ಟು ಮಾಸಿತ್ತು. ಎಷ್ಟು ದಿನವಾಯಿತೆಂದು ವಿಚಾರಿಸಿದರೆ, ಒಂದು ವಾರ. ಮನೆಗೆ ಹೋಗಿ, ಸಿಕ್ಕಸಿಕ್ಕ ಬಣ್ಣದ ಬಟ್ಟೆಗಳ ತುಂಡುಗಳನ್ನು ಗಾಜಿನ ಮನೆಯಲ್ಲಿ ಬಿಸಿಲಿಗಿಟ್ಟು ಪರೀಕ್ಷೆಗೆ ತೊಡಗಿದ. ಅದೇ ತುಂಡುಗಳ ಇನ್ನೊಂದು ಕಟ್ಟನ್ನು ಭಾರತದಲ್ಲಿದ್ದ ಭಾವಮೈದುನನಿಗೆ ಕಳಿಸಿದ. ಲೆಕ್ಕ ಸರಿಯಾಗಿತ್ತು: ಲಂಡನ್ನಿಗೆ ವರ್ಷಕ್ಕೆ ಚದರ ಮೀಟರಿಗೆ ಸುಮಾರು 1,000 ಯೂನಿಟ್ ಬಿಸಿಲು ಬಿದ್ದರೆ ನಮ್ಮ ಬಯಲುಸೀಮೆಗೆ ಬೀಳುವುದು ಸುಮಾರು ಅದರ ಎರಡರಷ್ಟು. ಪರೀಕ್ಷೆಯಲ್ಲಿ ಉಳಿದ ಬೆರಳೆಣಿಕೆಯ ಡೈಗಳಿಂದಲೇ ‘ಸನ್‌ಡೂರ್’ ಎಂಬ, ಮಾಸದು ಎಂದು ಖಾತರಿ ಕೊಟ್ಟ ಬಟ್ಟೆಯನ್ನು ಮಾರಿದ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಡೈ ಬರುವುದು ನಿಂತಾಗ ತಾನೇ ಡೈ ಮಾಡಲು ಇಳಿದ. ಹಾಗೆ ಹುಟ್ಟಿದ ಸ್ಕಾಟಿಷ್ ಡೈಸ್ ಕಂಪನಿಯ ಗ್ರೇಂಜ್‌ಮೌತ್ ಕಾರ್ಖಾನೆಯಲ್ಲಿ, 1928ರಲ್ಲಿ, ಗಾಜಿನ ಲೇಪ ಬಿರುಕುಬಿಟ್ಟ ಕಬ್ಬಿಣದ ಪಾತ್ರೆಯೊಂದರಲ್ಲಿ ಬೇಡದ ಕಡುನೀಲಿ ಕಶ್ಮಲ ಕಾಣಿಸಿತು. ಬಿರುಕಿನಿಂದ ಒಳಬಂದ ಕಬ್ಬಿಣ ಅದನ್ನು ಹುಟ್ಟಿಸಿತ್ತು. ಪ್ಯಾಟ್ರಿಕ್ ಲಿನ್‌ಸ್ಟೆಡ್ 1934ರಲ್ಲಿ ಅದರ ರಚನೆ ಬಿಡಿಸಿದರು. ಕಬ್ಬಿಣದ ಜಾಗದಲ್ಲಿ ತಾಮ್ರವಿಟ್ಟ ನೀಲಿ 1935ರಲ್ಲಿ ಮೊನಾಸ್ಟ್ರಲ್ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು.

ಪೋಸ್ಟರಿನಿಂದ ಹಾರಿದ ಕೆಂಪಿಗೂ ಒಬ್ಬ ಪ್ರಸಿದ್ಧ ನೆಂಟನಿದ್ದಾನೆ. ಅಚ್ಚಿನ ಮೆಜೆಂಟಾದಲ್ಲಿ ಬಹಳ ಬಳಕೆಯಾಗುವುದು ಲಿಥಾಲ್ ರೂಬೀನ್. ಅದರ ಹತ್ತಿರದ ಬಂಧು ಲಿಥಾಲ್ ರೆಡ್. ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್‌ಕೊ 1962ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆಂದು ಬಿಡಿಸಿದ ಐದು ದೊಡ್ಡ ಚಿತ್ರಫಲಕಗಳಲ್ಲಿ ಆ ಕೆಂಪನ್ನು ಬಳಸಿದರು. 1964ರಲ್ಲಿ ಅವನ್ನು ನೆಲದಿಂದ ಚಾವಣಿವರೆಗೆ ಗಾಜಿದ್ದ ಊಟದ ಕೋಣೆಯಲ್ಲಿ ತೂಗುಹಾಕಿದರು. ಹದಿನೈದು ವರ್ಷದಲ್ಲಿ ಕಡುಗೆಂಪು ಎಲ್ಲೆಡೆ ಒಂದೇ ಸಮನಾಗಿರದೆ ತೇಪೆತೇಪೆಯಾಗಿ ತಿಳಿನೀಲಿಗೆ ತಿರುಗಿತು, 1979ರಲ್ಲಿ ಕೆಳಗಿಳಿಸಿ ಕತ್ತಲೆಯಲ್ಲಿಟ್ಟರು. 2014ರಲ್ಲಿ ಚಿತ್ರವನ್ನು ಮುಟ್ಟದೆಯೇ, ಪ್ರೊಜೆಕ್ಟರಿನಿಂದ ಚುಕ್ಕೆಚುಕ್ಕೆಯಾಗಿ ಲೆಕ್ಕಹಾಕಿದ ಬಣ್ಣದ ಬೆಳಕು ಬಿಟ್ಟು ಮೊದಲಿನ ಕೆಂಪನ್ನು ಕಣ್ಣಿಗೆ ಮರಳಿ ಕೊಟ್ಟರು. ಚುಕ್ಕೆಗಳ ಸಂಖ್ಯೆ ಇಪ್ಪತ್ತು ಲಕ್ಷದಷ್ಟು. ಕಳೆದುಹೋದ ಒಂದು ಕೆಂಪಿಗೆ ಬೇಕಾದ ಪರಿಹಾರ ಇದು.

ಸಂಗ್ರಹಾಲಯಗಳು ಕತ್ತಲೆ ಕತ್ತಲೆಯಾಗಿರುವುದಕ್ಕೂ ಸಂಖ್ಯೆಯ ಕಾರಣವಿದೆ. ಬೆಳಕಿಗೆ ಬಣ್ಣ ಎಷ್ಟು ತಾಳುತ್ತದೆ ಎಂದು ಅಳೆಯಲು ಎಂಟು ನೀಲಿ ಉಣ್ಣೆಯ ಪಟ್ಟಿಗಳಿವೆ, 1ರಿಂದ 8. ಪ್ರತಿ ಮೆಟ್ಟಿಲು ಹಿಂದಿನದಕ್ಕಿಂತ ಕನಿಷ್ಠ ಎರಡು ಪಟ್ಟು ತಾಳಬೇಕು. ಎರಡೇ ಪಟ್ಟು ಎಂದರೂ ಮೊದಲನೆಯದಕ್ಕೂ ಎಂಟನೆಯದಕ್ಕೂ 128 ಪಟ್ಟು ಅಂತರ. ಸಂಗ್ರಹಾಲಯದವರು ಬಳಸುವ ಅಂದಾಜಿನಲ್ಲಿ ಅದು 500 ಪಟ್ಟನ್ನೂ ಮೀರುತ್ತದೆ. 1ನೇ ಪಟ್ಟಿಯಂಥ ಸೂಕ್ಷ್ಮ ಬಣ್ಣ ನಡುಮಧ್ಯಾಹ್ನದ ಬಿಸಿಲಲ್ಲಿ, ಅಂದರೆ ಒಂದು ಲಕ್ಷ ಲಕ್ಸ್ ಬೆಳಕಿನಲ್ಲಿ, ಎರಡು ಗಂಟೆ ಚಿಲ್ಲರೆಗೇ ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ. ಅದನ್ನೇ ನೇರಳಾತೀತ ಸೋಸಿದ 50 ಲಕ್ಸ್ ಬೆಳಕಿನಲ್ಲಿ ದಿನಕ್ಕೆ ಎಂಟು ಗಂಟೆ ತೋರಿಸಿದರೆ ಎರಡು ವರ್ಷ ಬೇಕು. 8ನೇ ಪಟ್ಟಿಗೆ ಅದೇ ಬೆಳಕಿನಲ್ಲಿ, ಲೆಕ್ಕದ ಪ್ರಕಾರ, 7,500 ವರ್ಷ.

ಇನ್ನೊಂದು ತುದಿಯಲ್ಲಿ ಚಂದ್ರ. 1969ರ ಜುಲೈಯಿಂದ 1972ರ ಡಿಸೆಂಬರಿನೊಳಗೆ ಅಪೋಲೊ ಯಾನಿಗಳು ಅಲ್ಲಿ ಆರು ನೈಲಾನ್ ಬಾವುಟ ನೆಟ್ಟರು. ಮೊದಲನೆಯದು ಸುಮಾರು ಐದೂವರೆ ಡಾಲರಿನದು. ಅಲ್ಲಿ ಹಗಲು ನಮ್ಮ ಹದಿನಾಲ್ಕು ದಿನ, ರಾತ್ರಿಯೂ ಅಷ್ಟೇ. ಮೊದಲ 55 ವರ್ಷಗಳಲ್ಲಿ ಕಂಡ ಬಿಸಿಲು 2 ಲಕ್ಷ 40 ಸಾವಿರ ಗಂಟೆ. ಭೂಮಿಯಲ್ಲಿ ನಮ್ಮನ್ನು ಕಾಯುವ ಓಝೋನನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ ಒತ್ತಿದರೆ ಅದರ ದಪ್ಪ ಸುಮಾರು 3 ಮಿಲಿಮೀಟರ್. ಚಂದ್ರನಲ್ಲಿ ಅದೂ ಇಲ್ಲ. ಆಮ್ಲಜನಕವಿಲ್ಲದ್ದರಿಂದ ಮಾಸುವ ಮುಖ್ಯ ದಾರಿ ಮುಚ್ಚಿದೆ, ನಿಜ. ಆದರೆ 200 ನ್ಯಾನೋಮೀಟರಿನ ಕಿರಣ 6.2 ಎಲೆಕ್ಟ್ರಾನ್ ವೋಲ್ಟ್ ತರುತ್ತದೆ. ಅದಕ್ಕೆ ಜೊತೆಗಾರ ಬೇಡ, ಡೈಯನ್ನೂ ನೈಲಾನನ್ನೂ ಒಟ್ಟಿಗೆ ಕಡಿಯಬಲ್ಲದು. 2012ರಲ್ಲಿ ಚಂದ್ರನನ್ನು ಸುತ್ತುವ ನೌಕೆಯ ಚಿತ್ರಗಳಲ್ಲಿ ಕೆಲವು ಬಾವುಟಗಳ ನೆರಳು ಕಂಡಿತು, ಬಟ್ಟೆ ಇನ್ನೂ ನಿಂತಿದೆ. ಬಣ್ಣ ಅಷ್ಟು ಎತ್ತರದಿಂದ ತಿಳಿಯದು. ಬೆಳ್ಳಗಾಗಿರಬೇಕೆಂದು ಹಲವು ವಿಜ್ಞಾನಿಗಳ ಅಂದಾಜು.

ಇಲ್ಲಿ ಕೆಳಗೆ ನಮ್ಮ ಕೈಲಾಗುವುದೂ ಸಾಕಷ್ಟಿದೆ. ಪ್ಲಾಸ್ಟಿಕ್ ಮತ್ತು ಬಟ್ಟೆಗೆ ಬೆರೆಸುವ ಬೆನ್ಜೋಟ್ರಯಝೋಲ್ ಎಂಬ ರಕ್ಷಕ ಅಣು ನೇರಳಾತೀತವನ್ನು ನುಂಗಿ, ಒಂದು ಹೈಡ್ರೋಜನ್ ಪರಮಾಣುವನ್ನು ಅತ್ತಿಂದಿತ್ತ ಸರಿಸಿ, ಪಿಕೋಸೆಕೆಂಡಿನಷ್ಟರಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಕಿಟಕಿಯ ಸಾದಾ ಗಾಜು ಸುಮಾರು 310 ನ್ಯಾನೋಮೀಟರಿನ ಕೆಳಗಿನದನ್ನು ಬಹುಪಾಲು ತಡೆಯುತ್ತದೆ. ಪಾಲಿಯೆಸ್ಟರ್ ನೂಲಿಗೆ ಹೆಚ್ಚು ನೋವು ಕೊಡುವುದು ಆ ಭಾಗವೇ, ಅದಕ್ಕೇ ಪರದೆಗೆ ಪಾಲಿಯೆಸ್ಟರ್ ಒಳ್ಳೆಯದು.

ಬಣ್ಣ ಹಾಕುವ ಗಿರಣಿಯಲ್ಲಿ ‘ಲೈಟ್ ಫಾಸ್ಟ್‌ನೆಸ್ ಎಷ್ಟು’ ಎಂಬುದು ದಿನನಿತ್ಯದ ಮಾತು. ಆ ಎಂಟು ನೀಲಿ ಪಟ್ಟಿಗಳ ಲೆಕ್ಕದಲ್ಲಿ ಪರದೆಗೆ 5 ಅಥವಾ 6 ಕೇಳುತ್ತಾರೆ, ಹೊರಗಿನ ಚಪ್ಪರಕ್ಕೆ 7. 4ಕ್ಕೂ 7ಕ್ಕೂ ನಡುವೆ ಕನಿಷ್ಠ ಎಂಟು ಪಟ್ಟು ವ್ಯತ್ಯಾಸವಿದೆ. ಸಾವಿರಾರು ರೂಪಾಯಿ ಕೊಟ್ಟು ಪರದೆ ಹೊಲಿಸುವ ಮನೆಯವರಿಗೆ ಆ ಅಂಕಿಯನ್ನು ಯಾರೂ ತೋರಿಸುವುದಿಲ್ಲ. ಇದು ಸರಿಯಲ್ಲ, ಅದನ್ನು ಚೀಟಿಯ ಮೇಲೆ ಅಚ್ಚು ಹಾಕಲೇಬೇಕು. ಅಲ್ಲಿಯವರೆಗೆ ಪರದೆ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ. ಅಂಗಿಯ ಕಾಲರಿನ ಚೀಟಿಯಲ್ಲಿ ಮಾತ್ರ ಒಂದು ಗುರುತು ಸಿಗಬಹುದು: ಚೌಕ, ಅದರ ಎಡ ಮೇಲುಮೂಲೆಯಲ್ಲಿ ಎರಡು ಓರೆ ಗೆರೆ. ನೆರಳಲ್ಲಿ ಒಣಗಿಸಿ ಎಂದು ಅದರ ಅರ್ಥ. ತೆರೆದ ಆಕಾಶದ ನೆರಳಿನಲ್ಲಿ ಬೆಳಕು ಸುಮಾರು ಹತ್ತರಿಂದ ಇಪ್ಪತ್ತು ಸಾವಿರ ಲಕ್ಸ್, ಬಿಸಿಲಿನ ಐದನೆಯ ಒಂದು ಪಾಲಿಗಿಂತ ಹೆಚ್ಚಿಲ್ಲ. ಅಲ್ಲಿ ಒಂದು ಡೈ ಅಣುವಿಗೆ ಬೀಳುವುದು ಸೆಕೆಂಡಿಗೆ ಒಂದು ಏಟು, ಇಲ್ಲವೇ ಅದಕ್ಕೂ ಕಡಿಮೆ.